ಆಫ್ರಿಕಾದ ಕಾಡಿಗೆ ಮೊದಲ ಪ್ರವಾಸ: ಯಾವ ದೇಶ ಆರಿಸಬೇಕು?

ಸೊಲ್ಲಾಪುರದಲ್ಲಿ ನಮ್ಮದು ಜವಳಿ ಅಂಗಡಿ. ನಮ್ಮಂಥವರ ಪ್ರವಾಸವೆಂದರೆ ಕುಂಥಲಗಿರಿ, ಶ್ರವಣಬೆಳಗೊಳ, ಹೆಚ್ಚೆಂದರೆ ಸಮ್ಮೇದ ಶಿಖರ್ಜಿ. ಆದರೆ ಏಳನೆಯ ಇಯತ್ತೆಯಲ್ಲಿ ಓದುವ ನಮ್ಮ ಮಗ ಆಫ್ರಿಕಾದ ಸಿಂಹಗಳನ್ನು ಕಣ್ಣಾರೆ ನೋಡಲೇಬೇಕೆಂದು ಎರಡು ವರ್ಷ ಹಟ ಹಿಡಿದ. ಸ್ವಲ್ಪ ಸ್ವಲ್ಪವೇ ಹಣ ತೆಗೆದಿಟ್ಟು ಕೊನೆಗೆ ಹೊರಡುವುದೆಂದು ನಿಶ್ಚಯಿಸಿದೆವು. ಆಗ 68 ವರ್ಷದ ನಮ್ಮ ತಾಯಿಯವರು ಒಂದೇ ಮಾತು ಕೇಳಿದರು: “ಒಂದ ಜೀವ ಇನ್ನೊಂದ ಜೀವಾ ಕೊಲ್ಲೂದು ನೋಡಾಕ ರೊಕ್ಕಾ ಕೊಟ್ಟ ಅಷ್ಟ ದೂರ ಹೋಗಬೇಕೇನಪಾ?”

ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಯಾವ ದೇಶಕ್ಕೆ ಹೋಗಬೇಕೆಂದು ಆರಿಸುವಾಗ ಆ ಪ್ರಶ್ನೆಯೇ ನಮಗೆ ದಾರಿ ತೋರಿಸಿತು.

ಮೊದಲ ಸಲ ಹೋಗುವವರ ಮುಂದೆ ಸಾಮಾನ್ಯವಾಗಿ ನಾಲ್ಕು ದೇಶಗಳಿರುತ್ತವೆ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನ ಸುಮಾರು 19,500 ಚದರ ಕಿ.ಮೀ. ವಿಸ್ತಾರವಾದದ್ದು. ಒಳಗೆ ಡಾಂಬರು ರಸ್ತೆಗಳಿವೆ, ನಾವೇ ಕಾರು ನಡೆಸಿಕೊಂಡು ನೋಡಬಹುದು. ಅದೇ ದೇಶದ ಪಿಲಾನೆಸ್‌ಬರ್ಗ್ ಕಾಡಿನಲ್ಲಿ ಮಲೇರಿಯಾ ಇಲ್ಲವಾದ್ದರಿಂದ ಚಿಕ್ಕ ಮಕ್ಕಳಿರುವವರಿಗೆ ಅನುಕೂಲ. ಬೋಟ್ಸ್ವಾನಾದ ಒಕವಾಂಗೊ ನದಿ ಸಮುದ್ರ ಸೇರದೆ ಮರುಭೂಮಿಯಲ್ಲೇ ಹರಡಿಕೊಳ್ಳುತ್ತದೆ; ಅದೊಂದು ಅಪರೂಪದ ನೋಟ. ಆದರೆ ಅಲ್ಲಿನ ಬಿಡಾರಗಳಿಗೆ ಹೆಚ್ಚಾಗಿ ಸಣ್ಣ ವಿಮಾನದಲ್ಲೇ ಹೋಗಬೇಕು, ಖರ್ಚು ಬಹಳ. ಟಾಂಜಾನಿಯಾದಲ್ಲಿ ಸೆರೆಂಗೆಟಿ ಬಯಲೂ ಗೊರೊಂಗೊರೊ ಎಂಬ ಹಳೆಯ ಜ್ವಾಲಾಮುಖಿಯ ಬಟ್ಟಲೂ ಇವೆ. ನಾಲ್ಕನೆಯದು ಕೀನ್ಯಾ.

ನಾವು ಕೀನ್ಯಾವನ್ನು ಆರಿಸಲು ಮೊದಲ ಕಾರಣ ಬೇಟೆ. ಕೀನ್ಯಾ ಸರಕಾರವು 1977ರಲ್ಲೇ ಮೋಜಿನ ಬೇಟೆಯನ್ನು ನಿಷೇಧಿಸಿತು. 1989ರಲ್ಲಿ 12 ಟನ್, 2016ರಲ್ಲಿ 105 ಟನ್ ಆನೆದಂತವನ್ನು ಮಾರದೆ ಬಹಿರಂಗವಾಗಿ ಸುಟ್ಟುಹಾಕಿತು. ಟಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಪರವಾನಗಿ ಪಡೆದು, ಹಣ ಕೊಟ್ಟು ಬೇಟೆಯಾಡಲು ಇಂದಿಗೂ ಅವಕಾಶವಿದೆ. ಬೋಟ್ಸ್ವಾನಾ 2014ರಲ್ಲಿ ನಿಲ್ಲಿಸಿ 2019ರಲ್ಲಿ ಪುನಃ ತೆರೆಯಿತು. ಆ ಹಣವೇ ಕಾಡಿನ ರಕ್ಷಣೆಗೆ ಬೇಕು ಎಂದು ಅಲ್ಲಿಯವರು ಹೇಳುತ್ತಾರೆ. ಅವರ ಕಷ್ಟ ಅವರಿಗೆ ಗೊತ್ತು. ಆದರೂ ನಮ್ಮ ಮನೆಯಲ್ಲಿ ಈ ಮಾತಿಗೇ ಹೆಚ್ಚು ತೂಕ ಬಂತು. “ಕೊಲ್ಲಬ್ಯಾಡ ಅಂದ ರಾಜ್ಯಾ ಅಂದ್ರ ಬರತೀನಿ,” ಎಂದು ಅವ್ವ ಅರ್ಧ ಒಪ್ಪಿದರು.

ಎರಡನೆಯ ಕಾರಣ ಊಟ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಗುಜರಾತಿನ ಜಾಮನಗರದ ಕಡೆಯ ಓಸವಾಳ ಜೈನರು ಕೀನ್ಯಾಕ್ಕೆ ಹೋಗಿ ಅಂಗಡಿ ಹಾಕಿದರು. ಸ್ವಾಹಿಲಿ ಭಾಷೆಯಲ್ಲಿ ಅಂಗಡಿಗೆ ‘ದುಕಾ’ ಎನ್ನುತ್ತಾರೆ. ನಮ್ಮ ದುಕಾನವೇ ಅದು! ಚಪಾತಿಗೆ ಅಲ್ಲಿಯೂ ಚಪಾತಿ ಎಂದೇ ಹೆಸರು. ನೈರೋಬಿ, ಮೊಂಬಾಸಾಗಳಲ್ಲಿ ಜಿನಮಂದಿರಗಳಿವೆ. ನೈರೋಬಿಯಲ್ಲಿ ದಿಗಂಬರ ಮಂದಿರವೂ ಇದೆ. ಹೀಗಾಗಿ ಗಡ್ಡೆ, ಬೇರು ಬೇಡವೆಂದರೆ ಏನೆಂದು ನೈರೋಬಿಯ ಹಲವು ಪ್ರವಾಸ ಕಂಪನಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಕಾಲ. ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ಮಾರಾ ನದಿ ದಾಟುವ ಪ್ರಸಿದ್ಧ ದೃಶ್ಯ ಸಿಗುವುದು ಜುಲೈನಿಂದ ಅಕ್ಟೋಬರ್‌ವರೆಗೆ. ನಮಗೆ ಅದು ಚಾತುರ್ಮಾಸ, ನಡುವೆ ದಶಲಕ್ಷಣ ಪರ್ವ. ಆಗ ದೂರದ ಪ್ರಯಾಣ ಮನೆಯಲ್ಲಿ ಯಾರಿಗೂ ಒಪ್ಪಿಗೆಯಾಗಲಿಲ್ಲ. ಜನವರಿ, ಫೆಬ್ರವರಿಯಲ್ಲೂ ಅಲ್ಲಿ ಒಣಹವೆ ಇರುತ್ತದೆ. ಆ ದೊಡ್ಡ ಹಿಂಡು ಆಗ ಟಾಂಜಾನಿಯಾದ ಕಡೆ ಮರಿ ಹಾಕುತ್ತಿರುತ್ತದಾದರೂ ಕೀನ್ಯಾದ ಆನೆ, ಜಿರಾಫೆ, ಸಿಂಹ ಎಲ್ಲಿಗೂ ಹೋಗಿರುವುದಿಲ್ಲ. ನದಿ ದಾಟುವುದನ್ನು ಬಿಟ್ಟುಕೊಟ್ಟು ನಾವು ಫೆಬ್ರವರಿಯಲ್ಲಿ ಹೊರಟೆವು.

ನಾಲ್ಕು ದೇಶಗಳಲ್ಲಿ ಎಲ್ಲಿಗೆ ಹೋದರೂ ತೊಡಕುಗಳಿವೆ. ಕೀನ್ಯಾದ್ದು ಪೀತಜ್ವರದ ಲಸಿಕೆ. ಭಾರತಕ್ಕೆ ಮರಳುವಾಗ ಅದರ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಹೊರಡುವ 10 ದಿನ ಮೊದಲೇ, ಸರಕಾರ ಒಪ್ಪಿದ ಕೇಂದ್ರದಲ್ಲಿ ಹಾಕಿಸಿಕೊಳ್ಳಬೇಕು. 60 ದಾಟಿದವರು ವೈದ್ಯರಿಗೆ ತೋರಿಸಿಯೇ ಮುಂದುವರಿಯುವುದು ಒಳ್ಳೆಯದು. ಈ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ ಎಂಬುದನ್ನು ನಮ್ಮವರು ಮೊದಲೇ ತಿಳಿದಿರಬೇಕು. ಅವ್ವನಿಂದ ಮುಚ್ಚಿಡಬಾರದೆಂದು ಹೇಳಿದೆ. ಎರಡು ದಿನ ಮಾತಾಡದೆ ಇದ್ದು, ಮೂರನೆಯ ದಿನ “ಔಷಧಾ ಅಂತ ತಗೋತೀನಿ” ಅಂದರು. ಇದು ಆಯಾ ಮನೆಯವರೇ ನಿರ್ಧರಿಸಬೇಕಾದ ಸಂಗತಿ. ಮನಸ್ಸು ಒಪ್ಪದಿದ್ದರೆ, ಭಾರತದಿಂದ ನೇರವಾಗಿ ಹೋಗಿಬರುವವರಿಗೆ ಈ ಲಸಿಕೆ ಬೇಡದ ದಕ್ಷಿಣ ಆಫ್ರಿಕಾವೇ ಲೇಸು.

ನೈರೋಬಿಯಿಂದ ಮೊದಲು ಅಂಬೊಸೆಲಿಗೆ ಹೋದೆವು. ಬೆಳಗಿನ ಹೊತ್ತು 5,895 ಮೀಟರ್ ಎತ್ತರದ ಕಿಲಿಮಂಜಾರೊ ಪರ್ವತ ಮೋಡವಿಲ್ಲದೆ ಕಂಡಿತು. ಪರ್ವತವಿರುವುದು ಟಾಂಜಾನಿಯಾದಲ್ಲಿ; ಅದರ ನೀರು ನೆಲದೊಳಗೆ ಹರಿದು ಬಂದು ಅಂಬೊಸೆಲಿಯಲ್ಲಿ ಜೌಗಾಗಿ ನಿಂತಿದೆ. ಹೊಟ್ಟೆಯವರೆಗೆ ನೀರಿನಲ್ಲಿ ನಿಂತು ಹುಲ್ಲು ಮೇಯುವ ಆನೆಗಳನ್ನು ಅವ್ವ ಗಂಟೆಗಟ್ಟಲೆ ನೋಡಿದರು. ನಕುರು ಉದ್ಯಾನದಲ್ಲಿ ಘೇಂಡಾಮೃಗ ಕಂಡಾಗ “ಶ್ರೇಯಾಂಸನಾಥರ ಲಾಂಛನ!” ಎಂದು ಮೊಮ್ಮಗನಿಗೆ ತೋರಿಸಿದವರೂ ಅವರೇ.

ಕೊನೆಯ ಮೂರು ದಿನ ಮಾಸಾಯಿ ಮಾರಾದಲ್ಲಿ. ಅಲ್ಲಿ ಚಾಲಕರು ರೇಡಿಯೊದಲ್ಲಿ ಒಬ್ಬರಿಗೊಬ್ಬರು ಸುದ್ದಿ ಹೇಳುತ್ತಾರೆ. ಬೇಟೆ ನಡೆಯುವಲ್ಲಿಗೆ ನಮ್ಮನ್ನು ಕರೆದೊಯ್ಯಬೇಡಿ ಎಂದು ನಮ್ಮ ಚಾಲಕರಿಗೆ ಮೊದಲೇ ತಿಳಿಸಿದ್ದೆವು. ಎರಡನೆಯ ದಿನ ಒಂದು ಹೆಣ್ಣುಸಿಂಹ ಜೀಬ್ರಾಗಳಿಗಾಗಿ ಹೊಂಚು ಹಾಕಿದೆ ಎಂದು ಸುದ್ದಿ ಬಂತು. ಚಾಲಕರು ಗಾಡಿ ತಿರುಗಿಸಲು ಹೊರಟರು. ಮಗ ಏನೂ ಹೇಳದೆ ಅಜ್ಜಿಯ ಮುಖ ನೋಡಿದ. “ನಡೀರಿ, ನಾ ಕಣ್ಣ ಮುಚ್ಚಿ ಕೂಡತೀನಿ,” ಎಂದರು ಅವ್ವ.

ಸಿಂಹ ಹುಲ್ಲಿನೊಳಗಿಂದ ನೆಗೆಯಿತು. ಜೀಬ್ರಾ ತಪ್ಪಿಸಿಕೊಂಡು ಓಡಿತು. ನಾನು ತಿರುಗಿ ನೋಡಿದರೆ ಅವ್ವನ ಕಣ್ಣು ತೆರೆದೇ ಇತ್ತು. “ಉಳೀತು,” ಎಂದು ಉಸಿರು ಬಿಟ್ಟರು. ಅಷ್ಟರಲ್ಲಿ ಪೊದೆಯಿಂದ ಮೂರು ಮರಿಗಳು ಹೊರಬಂದು ತಾಯಿಸಿಂಹದ ಸುತ್ತ ಸುಳಿದಾಡಿದವು. ಅವ್ವ ಬಹಳ ಹೊತ್ತು ಅವನ್ನೇ ನೋಡಿ, “ಪಾಪ, ಇವಕ್ಕ ಇವತ್ತ ಉಪಾಸ,” ಅಂದರು. ಮಗ ಆ ದಿನ ಮತ್ತೆ ಬೇಟೆಯ ಮಾತು ಎತ್ತಲಿಲ್ಲ.

ಹೊರಡುವವರಿಗೆ ಇನ್ನು ನಾಲ್ಕು ಮಾತು. ಕೀನ್ಯಾದಲ್ಲಿ ಸೂರ್ಯಾಸ್ತ ವರ್ಷವಿಡೀ ಸಂಜೆ 6.15ರಿಂದ 7ರೊಳಗೆ, ಸಂಜೆಯ ಸುತ್ತಾಟ ಮುಗಿಯುವುದೂ ಆಗಲೇ. ಆದ್ದರಿಂದ ಊಟವನ್ನು ಡಬ್ಬಿಯಲ್ಲಿ ಕಟ್ಟಿಕೊಡಲು ಬೆಳಿಗ್ಗೆಯೇ ಹೇಳಿಡಿ. ನಾವು ದಿನವೂ ಐದೂವರೆಗೆ ಗಾಡಿಯಲ್ಲೇ ಉಂಡೆವು. ಶಾಕಾಹಾರವೆಂದರೆ ಮೊಟ್ಟೆ ನಡೆಯುತ್ತದೆಂದು ತಿಳಿಯುವ ಅಡುಗೆಯವರಿದ್ದಾರೆ, ಮೊಟ್ಟೆಯೂ ಬೇಡವೆಂದು ಸ್ಪಷ್ಟವಾಗಿ ಹೇಳಿ. ಪ್ಲಾಸ್ಟಿಕ್ ಕ್ಯಾರಿಬ್ಯಾಗಿಗೆ 2017ರಿಂದ ನಿಷೇಧವಿದೆ. ಖಾಕರಾ, ಶೇಂಗಾ ಚಟ್ನಿಗಳನ್ನು ಸ್ಟೀಲಿನ ಡಬ್ಬಿಯಲ್ಲಿ, ಬಟ್ಟೆಯ ಚೀಲದಲ್ಲಿ ಒಯ್ಯಿರಿ. 2024ರಿಂದ ವೀಸಾದ ಬದಲು ಪ್ರವೇಶದ ಅನುಮತಿಯನ್ನು ಇಂಟರ್‌ನೆಟ್ಟಿನಲ್ಲಿ ಮೊದಲೇ ಪಡೆಯಬೇಕು. ಮಲೇರಿಯಾದ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ.

ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಅವ್ವ ಬಾರದಿದ್ದರೆ ನಾವು ಸಿಂಹವನ್ನು ನೋಡಿ ಬರುತ್ತಿದ್ದೆವು. ಅದರ ಮರಿಗಳ ಹಸಿವು ನಮ್ಮ ಗಮನಕ್ಕೆ ಬರುತ್ತಿರಲಿಲ್ಲ.