ಕೆಂಪಂಗಿಯ ವರ್ಷ

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ‘ರೆಡ್‌ಶರ್ಟ್’ ಎಂಬ ಒಂದು ಮಾತಿದೆ. ಕೆಂಪಂಗಿ ಎಂದರೆ ನಮಗೆ ಥಟ್ಟನೆ ನೆನಪಾಗುವವರು ರೈಲ್ವೆ ನಿಲ್ದಾಣದ ಹಮಾಲರು. ಅಲ್ಲಿ ಅದರ ಅರ್ಥ ಬೇರೆ. ಕಾಲೇಜಿಗೆ ಸೇರಿ, ತಂಡಕ್ಕೂ ಸೇರಿ, ದಿನವೂ ಮೈಮುರಿಯುವಂತೆ ಅಭ್ಯಾಸ ಮಾಡಿ, ವರ್ಷವಿಡೀ ಪಂದ್ಯ ಆಡದೆ ಕೂರುವ ಹುಡುಗನಿಗೆ ಆ ಹೆಸರು. ‘ಅವನನ್ನು ಈ ವರ್ಷ ರೆಡ್‌ಶರ್ಟ್ ಮಾಡಿದರು’ ಎನ್ನುತ್ತಾರೆ. ವ್ಯಾಕರಣ ಕಲಿಸಿ ಕಲಿಸಿ ಸವೆದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆಟವಲ್ಲ, ಆ ವಾಕ್ಯ. ಅದರಲ್ಲಿ ಹುಡುಗ ಕರ್ತೃವಲ್ಲ, ಕರ್ಮ.

ಅವರ ಫುಟ್‌ಬಾಲು ನಮ್ಮ ಕಾಲ್ಚೆಂಡಿನ ಆಟವಲ್ಲವೆಂಬುದು ನಿಮಗೆ ಗೊತ್ತು. ಅದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಒಬ್ಬರಮೇಲೊಬ್ಬರು ಬೀಳುವ ಆಟ. ಮುಂದಿನ ಸಾಲಿನಲ್ಲಿ ನಿಲ್ಲುವವರ ತೂಕ 130 ಕಿಲೋ ದಾಟಿದ್ದರೂ ಯಾರೂ ಹುಬ್ಬೇರಿಸುವುದಿಲ್ಲ. ಹೈಸ್ಕೂಲು ಮುಗಿಸಿ ಬಂದ ಹದಿನೆಂಟರ ಹುಡುಗ ಇಪ್ಪತ್ತೆರಡರ ಗಂಡಸಿಗೆ ಎದೆ ಕೊಟ್ಟು ನಿಲ್ಲಬೇಕು. ಒಂದು ವರ್ಷ ಉಂಡು, ವ್ಯಾಯಾಮ ಮಾಡಿ, ಆಟದ ಪಟ್ಟುಗಳನ್ನು ಕಲಿತು ಗಟ್ಟಿಯಾಗಲಿ ಎಂಬುದು ಈ ಏರ್ಪಾಡಿನ ಮೂಲ ಉದ್ದೇಶ.

ಇದಕ್ಕೆ ಅವರ ಕಾಲೇಜು ಕ್ರೀಡೆಗಳನ್ನು ಆಳುವ ಸಂಸ್ಥೆ ಎನ್‌ಸಿಎಎ ಒಂದು ಲೆಕ್ಕ ಇಟ್ಟಿತು. ಹುಡುಗ ಕಾಲೇಜಿಗೆ ಕಾಲಿಟ್ಟ ದಿನ ಐದು ವರ್ಷದ ಗಡಿಯಾರ ಓಡತೊಡಗುತ್ತದೆ. ಆ ಐದರಲ್ಲಿ ಅವನು ಆಡಬಹುದಾದದ್ದು ನಾಲ್ಕು ಋತು. ಉಳಿದ ಒಂದು ವರ್ಷವೇ ಕೆಂಪಂಗಿಯ ವರ್ಷ. ದಶಕಗಳ ಕಾಲ ಕಾಲೇಜು ಫುಟ್‌ಬಾಲ್ ನಡೆದದ್ದು ಈ ಲೆಕ್ಕದ ಮೇಲೆಯೇ. ಸೈನ್ಯಕ್ಕೆ ಹೋದವನಿಗೆ, ಮಾರ್ಮನ್ ಹುಡುಗರಂತೆ ಧರ್ಮಪ್ರಚಾರಕ್ಕೆ ಹೋದವನಿಗೆ ಗಡಿಯಾರ ನಿಲ್ಲುತ್ತಿತ್ತು. ಗಾಯವಾಗಿ ಋತು ಕಳೆದುಕೊಂಡವನಿಗೆ ಬೇರೆ ವಿನಾಯಿತಿ. ಕಾಲು ಮುರಿದುಕೊಂಡು ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾದ ಕ್ಯಾಮ್ ಮೆಕಾರ್ಮಿಕ್ ಎಂಬಾತ 2016 ರಲ್ಲಿ ಆರೆಗಾನ್ ವಿಶ್ವವಿದ್ಯಾಲಯಕ್ಕೆ ಸೇರಿದವನು, 2024 ರಲ್ಲಿ ಮಯಾಮಿಯ ಪರವಾಗಿ ತನ್ನ ಒಂಬತ್ತನೆಯ ಕಾಲೇಜು ವರ್ಷದ ಆಟ ಆಡಿದ. ಆಗ ಅವನಿಗೆ 26 ವರ್ಷ.

ಒಂದು ಮಾತು ಸ್ಪಷ್ಟವಾಗಬೇಕು. ಇದು ನಮ್ಮಲ್ಲಿಯ ಫೇಲಿನಂತಲ್ಲ. ಫೇಲಾದ ಹುಡುಗ ತನಗಿಂತ ಚಿಕ್ಕವರ ಜೊತೆ ಅದೇ ಬೆಂಚಿನಲ್ಲಿ ಮತ್ತೆ ಕೂರುತ್ತಾನೆ. ಕೆಂಪಂಗಿಯ ಹುಡುಗ ಓದಿನಲ್ಲಿ ಮುಂದಕ್ಕೇ ಹೋಗುತ್ತಾನೆ, ಸ್ಕಾಲರ್‌ಶಿಪ್ ಇದ್ದವನಿಗೆ ಅದೂ ನಡೆಯುತ್ತದೆ. ನಾಲ್ಕು ವರ್ಷಕ್ಕೆ ಪದವಿ ಮುಗಿಸಿ, ಐದನೆಯ ವರ್ಷ ಆಡುತ್ತ ಆಡುತ್ತ ಸ್ನಾತಕೋತ್ತರ ತರಗತಿಗೆ ಸೇರಿದವರು ಎಷ್ಟೋ ಜನ. ಬಡವರ ಮನೆಯ ಹುಡುಗನಿಗೆ ಇದೇನು ಸಣ್ಣ ಲಾಭವೆ? ಆಟದಲ್ಲೂ ಲಾಭವುಂಟು. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಜಾನಿ ಮಾನ್‌ಜೆಲ್ 2011 ರಲ್ಲಿ ಕೆಂಪಂಗಿಯಲ್ಲಿ ಕೂತವನು, 2012 ರಲ್ಲಿ ಕಾಲೇಜು ಫುಟ್‌ಬಾಲಿನ ಅತಿದೊಡ್ಡ ಗೌರವವಾದ ಹೈಸ್‌ಮನ್ ಪ್ರಶಸ್ತಿ ಗೆದ್ದ. ಆಟದ ಲೆಕ್ಕದಲ್ಲಿ ಮೊದಲ ವರ್ಷದವನೊಬ್ಬನಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಈ ಪದ ಹುಟ್ಟಿದ್ದು ನೆಬ್ರಾಸ್ಕಾದ ಲಿಂಕನ್ ನಗರದಲ್ಲಿ ಎನ್ನುತ್ತಾರೆ. 1937 ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ವಾರನ್ ಆಲ್ಫ್‌ಸನ್ ಎಂಬ ಹುಡುಗ, ತನಗಿಂತ ಮುಂದೆ ಅನುಭವಸ್ಥರು ಬಹಳ ಮಂದಿ ಇರುವುದನ್ನು ಕಂಡು, ‘ಈ ವರ್ಷ ಅಭ್ಯಾಸ ಮಾತ್ರ ಮಾಡುತ್ತೇನೆ, ಆಡುವುದಿಲ್ಲ’ ಎಂದು ಕೇಳಿಕೊಂಡನಂತೆ. ಅಭ್ಯಾಸಕ್ಕೆ ಅವನು ತೊಟ್ಟದ್ದು ಸಂಖ್ಯೆಯಿಲ್ಲದ ಕೆಂಪು ಅಂಗಿ. ಕಾದದ್ದು ವ್ಯರ್ಥವಾಗಲಿಲ್ಲ. 1940 ರಲ್ಲಿ ಅವನು ದೇಶದ ಆಯ್ದ ಆಟಗಾರರಲ್ಲಿ ಒಬ್ಬನೆನಿಸಿದ, ಅವನ ತಂಡ 1941 ರ ಹೊಸವರ್ಷದ ದಿನ ರೋಸ್ ಬೌಲ್ ಪಂದ್ಯ ಆಡಿತು. ಆಲ್ಫ್‌ಸನ್ನನ ವಾಕ್ಯದಲ್ಲಿ ಹುಡುಗನೇ ಕರ್ತೃವಾಗಿದ್ದ ಎಂಬುದನ್ನು ಗಮನಿಸಿ. ಕಾಯುತ್ತೇನೆ ಎಂದವನು ಅವನೇ.

ನನಗೆ ಇದೆಲ್ಲ ತಿಳಿದದ್ದು ಹೇಗೆಂದರೆ, ನನ್ನ ತಮ್ಮ ಅದೇ ಲಿಂಕನ್ನಿನಲ್ಲಿ ಕೆಲಸದಲ್ಲಿದ್ದ. 2019 ರ ಬೇಸಗೆ ರಜೆಯಲ್ಲಿ ಅವನ ಮನೆಗೆ ಹೋಗಿದ್ದೆ. ಊರು ನೋಡಲು ಹೊರಟರೆ ಅಂಗಡಿ, ಬ್ಯಾಂಕು, ಪೆಟ್ರೋಲ್ ಬಂಕು ಎಲ್ಲೆಲ್ಲೂ ಕೆಂಪು ಬಣ್ಣ. ‘ಅಕ್ಕಾ, ಆ ಸ್ಟೇಡಿಯಂ ನೋಡು. 1962 ರಿಂದ ಈಚೆಗೆ ಇಲ್ಲಿ ಒಂದು ಪಂದ್ಯದ ಟಿಕೇಟೂ ಉಳಿದಿಲ್ಲ’ ಎಂದು ತಮ್ಮ ಹೇಳಿದ. ಸುಮಾರು 85 ಸಾವಿರ ಜನ ಕೂರುವ ಜಾಗ. ಪಂದ್ಯದ ದಿನ ಓಮಹಾ ಮತ್ತು ಲಿಂಕನ್ ಬಿಟ್ಟರೆ ಆ ರಾಜ್ಯದಲ್ಲಿ ಅದೇ ಮೂರನೆಯ ದೊಡ್ಡ ಊರು ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ತಮ್ಮನ ನೆರೆಮನೆಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರಿದ್ದರು. ಅವರೂ ಪ್ರಾಥಮಿಕ ಶಾಲೆಯ ಟೀಚರು. ಭಾಷೆ ಬೇರೆಯಾದರೂ ಟೀಚರುಗಳಿಗೆ ಮಾತಿಗೇನು ಬರವೆ? ಅವರ ಮಗ ಬೇರೊಂದು ರಾಜ್ಯದ ಕಾಲೇಜಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಅವನು ಸೇರಿದ್ದು 2016 ರಲ್ಲಿ. ಮೊದಲ ವರ್ಷ ಅವನನ್ನು ರೆಡ್‌ಶರ್ಟ್ ಮಾಡುವುದೆಂದು ಕೋಚ್ ತೀರ್ಮಾನಿಸಿದ್ದರು.

ಅಂಥ ಹುಡುಗರ ದಿನಚರಿಯನ್ನು ಆಕೆ ವಿವರಿಸಿದರು. ಬೆಳಗಿನ ಜಾವಕ್ಕೇ ವ್ಯಾಯಾಮ, ಆಮೇಲೆ ಪಾಠ, ಮಧ್ಯಾಹ್ನ ಅಭ್ಯಾಸ. ಅಭ್ಯಾಸದಲ್ಲಿ ಇವರ ಕೆಲಸ ಮುಂದಿನ ವಾರದ ಎದುರಾಳಿಗಳ ಹಾಗೆ ಆಡಿ ತೋರಿಸುವುದು. ಒಂದು ವಾರ ಒಬ್ಬನ ಹಾಗೆ ಓಡಬೇಕು, ಮರುವಾರ ಇನ್ನೊಬ್ಬನ ಹಾಗೆ. ತಮ್ಮ ತಂಡದ ಮೇಲಿನವರು ಇವರ ಮೇಲೆ ಬಿದ್ದು ಬಿದ್ದು ಕಲಿಯುತ್ತಾರೆ. ನಾಟಕ ಕಂಪನಿಯಲ್ಲಿ ತಾಲೀಮಿಗೆ ಮಾತ್ರ ರಾಜನ ಪಾತ್ರ ಮಾಡಿ, ಪ್ರದರ್ಶನದ ದಿನ ಪರದೆಯ ಹಿಂದೆ ನಿಲ್ಲುವವನ ಸ್ಥಿತಿ. ತಂಡ ಪರವೂರಿಗೆ ಹೊರಟಾಗ ಇವರಲ್ಲಿ ಬಹುಮಂದಿ ಹಾಸ್ಟೆಲಿನಲ್ಲೇ ಉಳಿಯುತ್ತಾರೆ. ಊರಿನಿಂದ ಅಜ್ಜಿ ಫೋನು ಮಾಡಿ ‘ಈ ಶನಿವಾರ ಆಡುತ್ತೀಯೇನೋ’ ಎಂದು ಕೇಳಿದಾಗಲೆಲ್ಲ ‘ಇಲ್ಲ’ ಎನ್ನಬೇಕು.

ಆ ಹುಡುಗ ಒಂಬತ್ತು ಪಂದ್ಯಗಳ ತನಕ ಹಾಗೆ ಕಾದ. ಋತುವಿಗೆ ಹನ್ನೆರಡು ಪಂದ್ಯ. ಇನ್ನು ಮೂರು ಕಳೆದರೆ ವರ್ಷ ದಕ್ಕಿತು. ಹತ್ತನೆಯ ಪಂದ್ಯದಲ್ಲಿ ಮೇಲಿನವರಿಬ್ಬರಿಗೆ ಪೆಟ್ಟಾಯಿತು, ಕೋಚ್ ಇವನನ್ನು ಒಳಗೆ ಕಳಿಸಿದರು. ‘ಟಿವಿಯಲ್ಲಿ ಅವನ ಬೆನ್ನಿನ ಸಂಖ್ಯೆ ಕಂಡೊಡನೆ ನಾನು ಎದ್ದು ನಿಂತು ಕೂಗಿದೆ. ತಿರುಗಿ ನೋಡಿದರೆ ನನ್ನ ಗಂಡ ಸುಮ್ಮನೆ ಕೂತಿದ್ದರು. ಅವರಿಗೆ ನಿಯಮ ಗೊತ್ತಿತ್ತು’ ಎಂದರು ಆಕೆ. ಆಗಿನ ನಿಯಮದಂತೆ ಒಂದೇ ಒಂದು ಆಟಕ್ಕೆ ಕಣಕ್ಕಿಳಿದರೂ ಇಡೀ ಋತು ಖರ್ಚಾದಂತೆ. ಅದಕ್ಕೆ ಅವರು ಕೆಂಪಂಗಿ ‘ಸುಟ್ಟುಹೋಯಿತು’ ಎನ್ನುತ್ತಾರೆ. ಹುಡುಗ ಅಂದು ಕಣದಲ್ಲಿದ್ದದ್ದು ಕೆಲವೇ ನಿಮಿಷ. ಆಮೇಲಿನ ಎರಡು ಪಂದ್ಯಗಳಲ್ಲಿ ಅವನನ್ನು ಕರೆಯಲೇ ಇಲ್ಲ. ನಾಲ್ಕರಲ್ಲಿ ಒಂದು ವರ್ಷ ಆ ಕೆಲವು ನಿಮಿಷಕ್ಕೆ ಹೋಯಿತು.

ಅವನಿಗೆ ನೋವಾದದ್ದು ಯಾವುದಕ್ಕೆ ಎಂದು ನಾನು ಕೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ‘ಆಡಿಸಿದ್ದಕ್ಕೂ ಅಲ್ಲ, ಆಡಿಸದೆ ಇದ್ದದ್ದಕ್ಕೂ ಅಲ್ಲ. ನಿನಗೆ ಒಪ್ಪಿಗೆಯೇ ಎಂದು ಯಾರೂ ಕೇಳಲಿಲ್ಲವಲ್ಲ, ಅದಕ್ಕೆ’ ಎಂದರು. ಹದಿನೆಂಟರ ಹುಡುಗ, ಎದುರಿಗೆ ಸಾವಿರಾರು ಜನ, ಕೋಚ್ ‘ಹೋಗು’ ಎಂದಾಗ ‘ನಾನು ಹೋಗುವುದಿಲ್ಲ’ ಎನ್ನುವುದುಂಟೆ? ಎಂದರೆ ಮುಂದಿನ ನಾಲ್ಕು ವರ್ಷ ಅವನ ಪಾಡೇನು?

ಈ ಅನ್ಯಾಯ ಬಹಳ ಜನರ ಕಣ್ಣಿಗೆ ಬಿದ್ದಿರಬೇಕು. 2018 ರ ಜೂನಿನಲ್ಲಿ ಎನ್‌ಸಿಎಎ ನಿಯಮ ಬದಲಿಸಿತು. ಅಲ್ಲಿಂದಾಚೆಗೆ ಒಂದು ಋತುವಿನಲ್ಲಿ ನಾಲ್ಕು ಪಂದ್ಯಗಳ ತನಕ ಆಡಿದರೂ ಕೆಂಪಂಗಿ ಸುಡುವುದಿಲ್ಲ. ಎಳೆಯ ಹುಡುಗರಿಗೆ ಕಣದ ರುಚಿ ಸಿಕ್ಕಿತು, ಗಾಯಾಳುಗಳ ಜಾಗ ತುಂಬಲು ಕೋಚುಗಳಿಗೂ ಅನುಕೂಲವಾಯಿತು. ನನ್ನ ನೆರೆಯಾಕೆಯ ಮಗನಿಗೆ ಮಾತ್ರ ಅದು ಎರಡು ವರ್ಷ ತಡವಾಗಿ ಬಂತು. ಅವನ ನಾಲ್ಕನೆಯ ಋತು 2019 ಕ್ಕೆ ಮುಗಿಯಿತು. ಮರುವರ್ಷ ಕೋವಿಡ್ ಬಂದಾಗ 2020 ರಲ್ಲಿ ತಂಡದಲ್ಲಿದ್ದವರಿಗೆಲ್ಲ ಒಂದು ವರ್ಷ ಹೆಚ್ಚಿಗೆ ಕೊಟ್ಟರು. ಸುಟ್ಟ ವರ್ಷ ಉಳಿದಿದ್ದರೆ ಅದೂ ಅವನಿಗೆ ಸಿಗುತ್ತಿತ್ತು. ಒಂದು ತಪ್ಪಿದರೆ ಎರಡು ತಪ್ಪಿತು ಎಂಬಂತಾಯಿತು.

ಹೊಸ ನಿಯಮ ಇನ್ನೊಂದು ಬಾಗಿಲನ್ನೂ ತೆರೆಯಿತು. ಈಗ ಹುಡುಗನೂ ಎಣಿಸತೊಡಗಿದ. ಅದೇ 2018 ರ ಸೆಪ್ಟೆಂಬರಿನಲ್ಲಿ ಕ್ಲೆಮ್‌ಸನ್ ವಿಶ್ವವಿದ್ಯಾಲಯದ ಕೆಲ್ಲಿ ಬ್ರಯಂಟ್, ನಾಲ್ಕು ಪಂದ್ಯವಾದ ಮೇಲೆ ತನ್ನ ಸ್ಥಾನವನ್ನು ಮೊದಲ ವರ್ಷದ ಟ್ರೆವರ್ ಲಾರೆನ್ಸ್‌ಗೆ ಕೊಟ್ಟಾಗ, ತಂಡ ಬಿಟ್ಟು ಹೊರಟ. ಉಳಿದ ಒಂದು ಋತುವನ್ನು ಜೋಪಾನ ಮಾಡಿಕೊಂಡು 2019 ರಲ್ಲಿ ಮಿಸೂರಿಗೆ ಹೋಗಿ ಆಡಿದ. ಹಿಂದಿನ ವರ್ಷ ಅದೇ ತಂಡವನ್ನು ಮುನ್ನಡೆಸಿದವನು, ಋತುವಿನ ನಡುವೆ ಕೈಬಿಟ್ಟನೆಂದು ಕೆಲವರು ಜರೆದರು. ಸಂಬಳ ಹೆಚ್ಚೆಂದು ಕರಾರು ಮುರಿದು ಊರು ಬದಲಿಸುವ ಕೋಚುಗಳನ್ನು ಜರೆಯದವರು ಹುಡುಗನನ್ನೇಕೆ ಜರೆಯಬೇಕೆಂದು ಇನ್ನು ಕೆಲವರು ಕೇಳಿದರು. ನನಗೆ ಎರಡನೆಯವರ ಮಾತೇ ಸರಿಯೆನಿಸುತ್ತದೆ.

ಆದರೆ ಆ ಕಥೆಗೆ ಒಂದು ಬಾಲವಿದೆ. ಬ್ರಯಂಟ್ ಹೋದ ಮೂರನೆಯ ದಿನ ಸಿರಕ್ಯೂಸ್ ವಿರುದ್ಧದ ಪಂದ್ಯದಲ್ಲಿ ಲಾರೆನ್ಸ್‌ಗೂ ಪೆಟ್ಟಾಯಿತು. ಆಗ ಚೇಸ್ ಬ್ರೈಸ್ ಎಂಬ ಹುಡುಗ ಬಂದು, ತಂಡವನ್ನು 94 ಗಜ ಮುಂದೆ ಸಾಗಿಸಿ, 27-23 ರಲ್ಲಿ ಗೆಲುವು ತಂದುಕೊಟ್ಟ. ಅದರ ಹಿಂದಿನ ವರ್ಷವಿಡೀ ಅವನು ಕೆಂಪಂಗಿಯಲ್ಲಿ ಕೂತಿದ್ದವನು. ಆ ಋತುವಿನಲ್ಲಿ ಕ್ಲೆಮ್‌ಸನ್ ಒಂದು ಪಂದ್ಯವನ್ನೂ ಸೋಲದೆ ರಾಷ್ಟ್ರದ ಚಾಂಪಿಯನ್ ಆಯಿತು. ಒಬ್ಬ ಎಣಿಸಿ ಹೊರಟ, ಒಬ್ಬ ಕಾದು ನಿಂತ. ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದರೆ ನಾನು ಉತ್ತರ ಹೇಳಲಾರೆ. ಇಬ್ಬರ ಅಗತ್ಯವೂ ಬೇರೆಯಾಗಿತ್ತು.

ಆಮೇಲೆ ದುಡ್ಡು ಬಂತು. 2021 ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದೆಂದಾಯಿತು. 2025 ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡುವ ದಾರಿಯಾಯಿತು. 2025-26 ಕ್ಕೆ ಒಂದೊಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರಿನ ಮಿತಿ. ಹೀಗಾದಾಗ ಒಂದು ಋತುವೆಂದರೆ ಬರೀ ಆಟವಲ್ಲ, ಒಂದು ವರ್ಷದ ದುಡಿಮೆ. 2024 ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್ಸಿನ ಮ್ಯಾಥ್ಯೂ ಸ್ಲೂಕಾ, ತಂಡ ಮೂರಕ್ಕೆ ಮೂರು ಪಂದ್ಯ ಗೆದ್ದಿರುವಾಗಲೇ ಕೆಂಪಂಗಿ ತೊಟ್ಟು ಹೊರನಡೆದ. ಮಾತು ಕೊಟ್ಟ ಹಣ ಬರಲಿಲ್ಲವೆಂದು ಅವನ ಕಡೆಯವರು ಹೇಳಿದರು, ಅಂಥ ಒಪ್ಪಂದವೇ ಇರಲಿಲ್ಲವೆಂದು ಎದುರಿನವರು. 2025 ರ ಸೆಪ್ಟೆಂಬರಿನಲ್ಲಿ ಟೆನೆಸ್ಸಿಯ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಟಗಾರರು ಮತ್ತಿತರರು ಈ ನಿಯಮದ ವಿರುದ್ಧವೇ ನ್ಯಾಯಾಲಯಕ್ಕೆ ಹೋದರು. ಐದು ವರ್ಷ ಓದಬಹುದು, ಐದು ವರ್ಷ ಅಭ್ಯಾಸ ಮಾಡಬಹುದು, ಆಡುವುದು ಮಾತ್ರ ನಾಲ್ಕೇ ಏಕೆ ಎಂಬುದು ಅವರ ಪ್ರಶ್ನೆ. ಸರಳವಾದ ಪ್ರಶ್ನೆ. ತರಗತಿಯಲ್ಲಿ ಕೇಳಿದ್ದರೆ ನಾನು ‘ಕೂತುಕೋ, ಆಮೇಲೆ ಹೇಳುತ್ತೇನೆ’ ಎನ್ನುತ್ತಿದ್ದೆನೇನೋ!

ಈ ಪದ ಆಟದ ಬಯಲು ದಾಟಿ ಶಿಶುವಿಹಾರದ ತನಕ ಬಂದಿದೆ. ವಯಸ್ಸಾದರೂ ಮಗುವನ್ನು ಒಂದು ವರ್ಷ ತಡವಾಗಿ ಶಾಲೆಗೆ ಸೇರಿಸುವುದಕ್ಕೂ ಅಮೆರಿಕದಲ್ಲಿ ‘ರೆಡ್‌ಶರ್ಟ್ ಮಾಡುವುದು’ ಎನ್ನುತ್ತಾರೆ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವನಾಗದಿರಲಿ ಎಂಬುದು ಹೆತ್ತವರ ಲೆಕ್ಕ. ನಮ್ಮಲ್ಲಿ ಇದು ತಿರುಗುಮುರುಗು. ಒಂದನೆಯ ತರಗತಿಗೆ ಜೂನ್ 1 ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ ಬಂದಾಗ ಕೆಲವು ದಿನ ಕಡಿಮೆಯಾದ ಮಕ್ಕಳ ತಂದೆತಾಯಿಗಳು ಕಂಗಾಲಾದರು. 2025-26 ರ ಸಾಲಿಗೆ ಮಾತ್ರ ಸರ್ಕಾರ ಅದನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಒಂದು ವರ್ಷ ಹಿಂದುಳಿಯುತ್ತದೆ ಮೇಡಂ ಎಂದು ಕಣ್ಣೀರು ಹಾಕುವ ತಾಯಂದಿರನ್ನು ಶಾಲೆಯ ಜಗುಲಿಯಲ್ಲಿ ಕಂಡಿದ್ದೇನೆ. ಅವರಲ್ಲೊಬ್ಬರಿಗೂ ‘ಈ ಒಂದು ವರ್ಷ ಮಗು ಏನು ಮಾಡಬಹುದು’ ಎಂದು ಕೂತು ಹೇಳಿದವರಿಲ್ಲ. ನಿಯಮದ ಕಾಗದ ತೋರಿಸಿ ಕಳಿಸಿದವರೇ ಎಲ್ಲ.

ಕಾಯುವುದು ಕೆಟ್ಟದ್ದೆಂದು ನನಗೆ ಅನ್ನಿಸುವುದಿಲ್ಲ. ಬೆಳೆಯುವ ಮಕ್ಕಳಿಗೆ ಒಂದು ವರ್ಷ ಹೆಚ್ಚಿಗೆ ಸಿಗುವುದು ದೊಡ್ಡ ಕೊಡುಗೆ. ಆದರೆ ಅದೇ ವರ್ಷವನ್ನು ಮಾತಿಲ್ಲದೆ ಹೇರಿದರೆ ಶಿಕ್ಷೆ, ಮಾತಿಲ್ಲದೆ ಕಿತ್ತುಕೊಂಡರೆ ಮೋಸ. ಮೂರರಲ್ಲೂ ದಿನಗಳು ಅಷ್ಟೇ, ನಿಯಮದ ಪುಸ್ತಕದಲ್ಲಿ ಅಕ್ಷರಗಳೂ ಅವೇ. ವ್ಯತ್ಯಾಸವೆಲ್ಲ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ‘ನೋಡಪ್ಪಾ, ಇದು ಹೀಗೆ, ನೀನೇನು ಹೇಳುತ್ತೀಯ’ ಎಂದು ಕೇಳುವುದರಲ್ಲಿದೆ. ಅದಕ್ಕೆ ಹತ್ತು ನಿಮಿಷ ಸಾಕು. ಅಮೆರಿಕದವರು ನಾಲ್ಕನ್ನು ಐದು ಮಾಡಲಿ, ಐದನ್ನು ಆರು ಮಾಡಲಿ, ನಮ್ಮವರು ಆರನ್ನು ಐದೂವರೆ ಮಾಡಲಿ, ಆ ಹತ್ತು ನಿಮಿಷವನ್ನು ಯಾವ ನಿಯಮವೂ ಕೊಡಲಾರದು. ಅದನ್ನು ಕೋಚ್ ಕೊಡಬೇಕು, ಇಲ್ಲವೇ ಟೀಚರು ಕೊಡಬೇಕು.