ಅಜ್ಜಿಯ ಸಂವತ್ಸರ

ವರ್ಷ ಮುಗಿಯುವುದು ಎಲ್ಲರಿಗೂ ಒಂದೇ ದಿನವಲ್ಲ. ಸರ್ಕಾರದ ಕಛೇರಿಗಳಿಗೂ ಬ್ಯಾಂಕುಗಳಿಗೂ ಅದು ಮಾರ್ಚ್ 31ರಂದು ಮುಗಿಯುತ್ತದೆ. ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ವರ್ತಕರ ವರ್ಷವೇ ಬೇರೆ. ವಿದ್ಯಾರ್ಥಿಗಳಾದರೋ ಪರೀಕ್ಷೆಯ ಕೊನೆಯ ಗಂಟೆ ಬಾರಿಸಿದೊಡನೆ ವರ್ಷ ಮುಗಿಯಿತೆಂದು ನಿಟ್ಟುಸಿರು ಬಿಡುತ್ತಾರೆ. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ಈ ಅಜ್ಜಿಗೆ ವರ್ಷ ಮುಗಿಯುವುದು ಫಾಲ್ಗುಣದ ಅಮಾವಾಸ್ಯೆಯಂದು. ಮರುದಿನ ಯುಗಾದಿ. ಅಂದಿನ ಸಂಜೆ, ಮನೆಯನ್ನು ಸಾರಿಸಿ ಗುಡಿಸಿ ಆದ ಮೇಲೆ, ಅವಳು ಜಗಲಿಯ ಕಂಬಕ್ಕೆ ಒರಗಿ ಕುಳಿತು ಕಳೆದ ಹನ್ನೆರಡು ತಿಂಗಳ ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡುತ್ತಾಳೆ. ಅದು ಹಣದ ಲೆಕ್ಕವಲ್ಲ. ಯಾವ ಹಬ್ಬಕ್ಕೆ ಯಾರು ಬಂದರು, ಯಾರು ಬರಲಿಲ್ಲ, ಯಾವ ಅಡಿಗೆ ಸಾಲದೆ ಹೋಯಿತು, ಯಾವುದು ಮಿಕ್ಕಿತು ಎಂಬುದೇ ಆ ಲೆಕ್ಕ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳಾದರೂ ಈ ಲೆಕ್ಕದಲ್ಲಿ ಅವಳು ತಪ್ಪಿದ್ದನ್ನು ಮನೆಯವರಾರೂ ಕಂಡಿಲ್ಲ.

2025ರ ಮಾರ್ಚ್ 29ರಂದು ಮುಗಿದ ವರ್ಷ ಅವಳ ಪಾಲಿಗೆ ಉಳಿದವುಗಳಂತಿರಲಿಲ್ಲ. ಅದರ ಹೆಸರು ಕ್ರೋಧಿ. ಪ್ರಭವದಿಂದ ಕ್ಷಯದವರೆಗೆ ಅರುವತ್ತು ಸಂವತ್ಸರಗಳು ಒಂದಾದ ಮೇಲೊಂದರಂತೆ ಬಂದು, ಚಕ್ರವು ಮತ್ತೆ ಮೊದಲಿನಿಂದ ತಿರುಗುತ್ತದೆ. ಆದುದರಿಂದ ಒಂದು ಸಂವತ್ಸರವನ್ನು ಎರಡು ಬಾರಿ ಕಾಣುವವರು ಅರುವತ್ತು ದಾಟಿ ಬದುಕಿದವರೇ ಆಗಿರಬೇಕು. ಅಜ್ಜಿ ಮದುವೆಯಾಗಿ ಈ ಮನೆಯ ಹೊಸ್ತಿಲು ತುಳಿದದ್ದು ಹಿಂದಿನ ಕ್ರೋಧಿಯ ವೈಶಾಖದಲ್ಲಿ, ಎಂದರೆ 1964ರ ಬೇಸಿಗೆಯಲ್ಲಿ. ಆಗ ಅವಳಿಗೆ ಹದಿನೆಂಟು ವರ್ಷ. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇತ್ತು. “ಬಂದ ಸಂವತ್ಸರವೇ ತಿರುಗಿ ಬಂದು ಹೋಗುತ್ತಿದೆ. ನಾನು ಮಾತ್ರ ಕಂಬಕ್ಕೆ ಒರಗಿ ಕುಳಿತಿದ್ದೇನೆ” ಎಂದು ಅವಳು ಹಿರಿಯ ಸೊಸೆಯೊಡನೆ ಹೇಳಿ ನಕ್ಕಳು.

ಆ ಮೊದಲ ಕ್ರೋಧಿಯ ಕಥೆಯನ್ನು ಹೇಳದೆ ಈ ಎರಡನೆಯದರ ಲೆಕ್ಕ ತಿಳಿಯುವುದಿಲ್ಲ.

ಅಜ್ಜಿಯ ತವರೂರು ಶರಾವತಿಯ ದಂಡೆಯಲ್ಲಿತ್ತು. ಲಿಂಗನಮಕ್ಕಿಯಲ್ಲಿ ನದಿಗೆ ಅಡ್ಡಲಾಗಿ ಏಳುತ್ತಿದ್ದ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಸಮುದ್ರಮಟ್ಟದಿಂದ 1,819 ಅಡಿ ಎತ್ತರದವರೆಗೆ ನೀರು ನಿಲ್ಲಬಲ್ಲ, ಸುಮಾರು 151 ಟಿ.ಎಂ.ಸಿ. ನೀರು ಹಿಡಿಯಬಲ್ಲ ಆ ಜಲಾಶಯದ ಒಡಲಿಗೆ ಗದ್ದೆ, ತೋಟ, ದೇವಸ್ಥಾನ, ಶಾಲೆ, ಮನೆ ಎಲ್ಲವೂ ಸೇರಿದವು. ಅದಕ್ಕೂ ಮುಂಚೆ ಮಡೇನೂರಿನ ಬಳಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಹೊಸ ಜಲಾಶಯದಲ್ಲಿ ಮುಳುಗಿಹೋಯಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಆ ಹಳೆಯ ಕಟ್ಟೆ ತಲೆಯೆತ್ತಿ ನಿಲ್ಲುತ್ತದೆ. ಅದನ್ನು ನೋಡಲು ಜನ ಹೋಗುತ್ತಾರೆ. ಅಜ್ಜಿ ಒಮ್ಮೆಯೂ ಹೋದವಳಲ್ಲ. ನಾಡಿನ ಊರೂರುಗಳಿಗೆ ಬೆಳಕು ಕೊಟ್ಟ ಯೋಜನೆ ಅದು, ನಿಜ. ಆದರೆ ಅದಕ್ಕಾಗಿ ನೆಲ ಬಿಟ್ಟುಕೊಟ್ಟವರ ಗುಡಿಸಲುಗಳಲ್ಲಿ ಅನೇಕ ವರ್ಷಗಳ ಕಾಲ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು. ಅರುವತ್ತು ವರ್ಷ ಕಳೆದ ಮೇಲೂ ಎಷ್ಟೋ ಕುಟುಂಬಗಳು ತಾವು ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಲೇ ಇವೆ.

ಊರು ಬಿಡುವ ಮುನ್ನ ಹೆಣ್ಣುಮಕ್ಕಳ ಮದುವೆ ಮುಗಿಸಿಬಿಡಬೇಕೆಂದು ಆ ವರ್ಷ ಅನೇಕ ಮನೆಗಳಲ್ಲಿ ಆತುರದಿಂದ ಚಪ್ಪರ ಹಾಕಿದರು. ಅಂಥ ಚಪ್ಪರಗಳಲ್ಲಿ ಅವಳದೂ ಒಂದು. ಮದುವೆಗೆಂದು ಅವಳ ತಾಯಿ ನಡುಮನೆಯ ಗೋಡೆಗೆ ಹೊಸದಾಗಿ ಕೆಮ್ಮಣ್ಣು ಬಳಿದು ಚಿತ್ತಾರ ಬರೆದಿದ್ದಳು. ದೀವರ ಮನೆಗಳ ಚಿತ್ತಾರವೆಂದರೆ ಇಂದು ಬಲ್ಲವರು ಬಹಳ. ಅಕ್ಕಿಯನ್ನು ಅರೆದು ಬಿಳಿ, ಅಕ್ಕಿಯನ್ನು ಹುರಿದು ಕರಿಕಾಗಿಸಿ ಕಪ್ಪು, ಪುಂಡಿಯ ನಾರಿನ ಕುಂಚ. ಒಂದು ಎಳೆ ಅತ್ತಿತ್ತ ಸರಿಯದಂತೆ ಬರೆದ ಬಾಸಿಂಗ, ಜೋಗಿಜಡೆ. ಇನ್ನು ಕೆಲವು ತಿಂಗಳಲ್ಲಿ ನೀರಿನಡಿಗೆ ಹೋಗಲಿರುವ ಗೋಡೆಗೆ ಇಷ್ಟು ಶ್ರಮವೇಕೆಂದು ನೆರೆಯವರು ಕೇಳಿದರಂತೆ. “ಮದುವೆ ಮನೆಗೆ ಬರಿ ಗೋಡೆ ಇರಬಾರದು” ಎಂದಷ್ಟೇ ತಾಯಿ ಉತ್ತರ ಕೊಟ್ಟಳಂತೆ.

ಮನೆ ಬಿಡುವಾಗ ಅವರು ಬಾಗಿಲನ್ನೂ ಚೌಕಟ್ಟನ್ನೂ ಕಳಚಿದರು, ಹೆಂಚುಗಳನ್ನು ಇಳಿಸಿದರು, ಕಂಬಗಳನ್ನು ಕಿತ್ತರು; ಎಲ್ಲವನ್ನೂ ಎತ್ತಿನ ಗಾಡಿಗೆ ಹೇರಿದರು. ಚಿತ್ತಾರವನ್ನು ಹೇರುವುದು ಸಾಧ್ಯವಿರಲಿಲ್ಲ. ಆ ವರ್ಷದ ದೀಪಾವಳಿ ಅವಳಿಗೆ ಮದುವೆಯಾದ ಮೇಲಿನ ಮೊದಲ ಹಬ್ಬ. ಮಲೆನಾಡಿನವರು ದೊಡ್ಡಹಬ್ಬವೆಂದು ಕರೆಯುವ ಈ ಹಬ್ಬಕ್ಕೆ ಮಗಳೂ ಅಳಿಯನೂ ತವರಿಗೆ ಬರಬೇಕು. ಅವರು ಬಂದದ್ದು ಕಾಡಿನ ಅಂಚಿನಲ್ಲಿ ಹುಲ್ಲು ಹೊದಿಸಿದ ಒಂದು ಸೂರಿಗೆ. ಹಂಡೆ ಹೂಳಲು ಒಲೆಯಿಲ್ಲದೆ ಮೂರು ಕಲ್ಲಿನ ಮೇಲೆ ಬೂರೆನೀರು ಕಾಯಿಸಿದರು. ಗೋಪೂಜೆಗೆ ಕೊಟ್ಟಿಗೆಯಿರಲಿಲ್ಲ, ಹಸುವನ್ನು ಮರಕ್ಕೆ ಕಟ್ಟಿ ಅಡಿಕೆಯ ಸರವನ್ನೂ ಚೆಂಡುಹೂವಿನ ಸರವನ್ನೂ ಹಾಕಿದರು. ರಾತ್ರಿ ಅಂಟಿಗೆ-ಪಂಟಿಗೆಯವರು ಹಚ್ಚಿದ ದೀಪವನ್ನು ಆರಗೊಡದೆ ಹಾಡುತ್ತಾ ಮನೆಯಿಂದ ಮನೆಗೆ ಬರುವುದು ವಾಡಿಕೆ. ಆ ಹೊಸ ಜಾಗದ ದಾರಿ ಅವರಿಗೆ ತಿಳಿದಿರಲಿಲ್ಲ. ತಂದೆ ನಡುರಾತ್ರಿಯವರೆಗೆ ಎಚ್ಚರವಿದ್ದು ಕಿವಿಗೊಟ್ಟು ಕುಳಿತಿದ್ದನೆಂಬುದನ್ನು ಅಜ್ಜಿ ಇಂದಿಗೂ ಹೇಳುತ್ತಾಳೆ. ಹೇಳುವಾಗ ಧ್ವನಿ ಬದಲಾಗುವುದಿಲ್ಲ; ಆದರೆ ಕೈಯಲ್ಲಿ ಯಾವ ಕೆಲಸವಿದ್ದರೂ ನಿಲ್ಲುತ್ತದೆ.

ತವರು ಹೀಗಾದ ಮೇಲೆ ಅತ್ತೆಯ ಮನೆಯ ಹಬ್ಬಗಳೇ ಅವಳ ಹಬ್ಬಗಳಾದವು. ಇಪ್ಪತ್ತಕ್ಕೂ ಹೆಚ್ಚು ಮಂದಿಯ ಮನೆ ಅದು. ಹಳೆಯ ಕಾಲದ ಹಬ್ಬಗಳನ್ನು ನೆನೆದು ಹೊಗಳುವವರು ಸಾಮಾನ್ಯವಾಗಿ ಬಡಿಸಿದ ಎಲೆಯ ಮುಂದೆ ಕುಳಿತಿದ್ದವರು. ಒಲೆಯ ಮುಂದೆ ಇದ್ದವರನ್ನು ಕೇಳಿದರೆ ಉತ್ತರ ಬೇರೆಯಿರುತ್ತದೆ. ಬಿಸಿ ಹೋಳಿಗೆಯ ರುಚಿ ಏನೆಂಬುದು ತನಗೆ ನಲವತ್ತು ದಾಟುವವರೆಗೆ ತಿಳಿದಿರಲಿಲ್ಲವೆಂದು ಅಜ್ಜಿ ನಗುತ್ತಲೇ ಹೇಳುತ್ತಾಳೆ. ಸೊಸೆ ಈಗ ಪೇಟೆಯಿಂದ ಹೋಳಿಗೆ ತರಿಸಿದರೆ ಅವಳು ಆಕ್ಷೇಪಿಸುವುದಿಲ್ಲ. “ತರಲಿ. ಅವಳ ಬೆನ್ನೂ ಬೆನ್ನೇ” ಎನ್ನುತ್ತಾಳೆ.

ಆದುದರಿಂದ ಹಿಂದಿನದೆಲ್ಲ ಒಳ್ಳೆಯದು, ಈಗಿನದೆಲ್ಲ ಕೆಟ್ಟದ್ದು ಎಂಬ ತೀರ್ಮಾನ ಅವಳ ವರ್ಷಾಂತ್ಯದ ಲೆಕ್ಕದಲ್ಲಿ ಕಾಣಸಿಗದು. ಈ ಕ್ರೋಧಿಯಲ್ಲಿ ಅವಳನ್ನು ಕಾಡಿದ್ದು ಮತ್ತೊಂದು ಸಂಗತಿ.

2024ರ ದೀಪಾವಳಿಗೆ ರಜೆಗಳು ಸಾಲಾಗಿ ಬಂದವು. ಅಕ್ಟೋಬರ್ 31 ನರಕ ಚತುರ್ದಶಿ, ನವೆಂಬರ್ 1 ರಾಜ್ಯೋತ್ಸವ, 2 ಬಲಿಪಾಡ್ಯಮಿ, 3 ಭಾನುವಾರ. ಮೈಸೂರಿನಿಂದ ಬೆಂಗಳೂರಿನ ಮೇಲೆ ತಾಳಗುಪ್ಪಕ್ಕೆ ಬರುವ ರಾತ್ರಿಯ ರೈಲಿನಲ್ಲಿ ಕಿರಿಯ ಮಗನ ಸಂಸಾರ ಬಂದಿತು. ಶಿವಮೊಗ್ಗದಿಂದ ಮಗಳ ಸಂಸಾರ ಬಂದಿತು. ಹದಿನಾಲ್ಕು ಜನ! ಅಜ್ಜಿಗೆ ಸಂಭ್ರಮವೇ ಸಂಭ್ರಮ. ಆದರೆ ಎರಡನೆಯ ದಿನದ ಹೊತ್ತಿಗೆ ಅವಳು ಒಂದನ್ನು ಗಮನಿಸಿದಳು. ಬಂದವರಿಗೆ ಮಾಡಲು ಕೆಲಸವೇ ಇರಲಿಲ್ಲ. ಹಂಡೆಗೆ ನೀರು ತುಂಬಲು ಪಂಪು ಇತ್ತು. ಕೊಟ್ಟಿಗೆಯಲ್ಲಿ ಉಳಿದಿದ್ದುದು ಒಂದೇ ಹಸು. ಅದನ್ನು ಹಿರಿಯ ಮಗ ಬೆಳಗಾಗುವ ಮೊದಲೇ ತೊಳೆದು ಸಿಂಗರಿಸಿದ್ದ. ಊಟ ಚೆನ್ನಾಗಿತ್ತು, ಮಾತು ಚೆನ್ನಾಗಿತ್ತು; ನಡುನಡುವೆ ಎಲ್ಲರೂ ತಮ್ಮ ತಮ್ಮ ಮೊಬೈಲಿನೊಳಗೆ ಇಳಿದುಹೋಗುತ್ತಿದ್ದರು. ಅವರು ಮನೆಗೆ ಬಂದಿದ್ದರು, ನಿಜ. ಆದರೆ ನೆಂಟರಂತೆ ಬಂದಿದ್ದರು.

ಅದಕ್ಕೆ ಹದಿನೈದು ದಿನ ಮುಂಚೆ, ಅಕ್ಟೋಬರ್ 17ರಂದು, ಭೂಮಿ ಹುಣ್ಣಿಮೆ. ಪೇಟೆಯವರು ಅಷ್ಟಾಗಿ ಅರಿಯದ ಹಬ್ಬ ಇದು. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಭತ್ತದ ಪೈರು ಹೊಡೆ ತುಂಬಿ ನಿಂತಿರುತ್ತದೆ. ಮಲೆನಾಡಿನ ರೈತ ಅದನ್ನು ಬಸುರಿ ಹೆಣ್ಣಿನಂತೆ ಕಂಡು, ಭೂಮಿತಾಯಿಗೆ ಬಯಕೆಯ ಊಟ ಬಡಿಸುತ್ತಾನೆ. ಹೆಂಗಸರು ವಾರದ ಮುಂಚೆಯೇ ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಭೂಮಣ್ಣಿ ಬುಟ್ಟಿಯೆಂದು ಅದಕ್ಕೆ ಹೆಸರು. ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಅಡಿಗೆ. ನಾನಾ ಬಗೆಯ ಸೊಪ್ಪುಗಳನ್ನು ಬೆರೆಸಿ ಬೇಯಿಸಿದ ಚರಗವನ್ನೂ ಕಡುಬನ್ನೂ ಬುಟ್ಟಿಯಲ್ಲಿಟ್ಟು, ಕತ್ತಲಿರುವಾಗಲೇ ಗಂಡಸರು ತಲೆಯ ಮೇಲೆ ಹೊತ್ತು ಗದ್ದೆಗೆ ನಡೆಯುತ್ತಾರೆ. ಪೂಜೆಯಾದ ಮೇಲೆ ಚರಗವನ್ನು ಗದ್ದೆಯ ಉದ್ದಕ್ಕೂ ಬೀರಿ, ಎಲ್ಲರೂ ಬದುವಿನ ಮೇಲೆಯೇ ಕುಳಿತು ಉಣ್ಣುತ್ತಾರೆ.

ಈ ಹಬ್ಬಕ್ಕೆ ಬಂದವಳು ಒಬ್ಬಳೇ, ಕಿರಿಯ ಮಗನ ಮಗಳು. ದಸರಾ ರಜೆ ಇನ್ನೂ ಮುಗಿದಿರಲಿಲ್ಲ. ಅವಳ ಅಣ್ಣ ಎಸ್.ಎಸ್.ಎಲ್.ಸಿ. ಎಂಬ ಕಾರಣದಿಂದ ಬೆಂಗಳೂರಿನಲ್ಲಿಯೇ ಉಳಿದಿದ್ದ. ಅಜ್ಜಿಯ ಕಣ್ಣಿಗೆ ಪೊರೆ ಬಂದು ಎಳೆಗಳು ನೆಟ್ಟಗೆ ಬರುತ್ತಿರಲಿಲ್ಲ. “ನೀನು ಎಳೆ, ಪುಟ್ಟಿ. ನಾನು ಹೇಳುತ್ತೇನೆ” ಎಂದು ಪುಂಡಿನಾರಿನ ಕುಂಚವನ್ನು ಮೊಮ್ಮಗಳ ಕೈಗೆ ಕೊಟ್ಟಳು. ಮೊದಲ ದಿನ ಹುಡುಗಿ ಮೂರು ಬಾರಿ ಬರೆದು ಮೂರು ಬಾರಿ ಅಳಿಸಿದಳು. ಎರಡನೆಯ ದಿನ ಎಳೆ ನೆಟ್ಟಗಾಯಿತು. ಮೂರನೆಯ ದಿನ ಅಜ್ಜಿ, ಮುಳುಗಿದ ಮನೆಯ ನಡುಗೋಡೆಯಲ್ಲಿದ್ದ ಜೋಗಿಜಡೆಯನ್ನು ಒಂದೊಂದು ಎಳೆಯಾಗಿ ನೆನೆದು ಹೇಳಿದಳು, ಹುಡುಗಿ ಬರೆದಳು. ಒಂದು ಕಡೆ ಅಜ್ಜಿಗೇ ಅನುಮಾನ ಬಂದು, ಕಣ್ಣು ಮುಚ್ಚಿ ಬೆರಳಿನಿಂದ ನೆಲದ ಮೇಲೆ ಬರೆದು ನೋಡಿ, “ಇಲ್ಲ, ಎಡಕ್ಕೆ” ಎಂದು ತಿದ್ದಿದಳು. ಅಂದು ಇಬ್ಬರಿಗೂ ಊಟದ ನೆನಪೇ ಆಗಲಿಲ್ಲ. ಅಮಾವಾಸ್ಯೆಯ ಸಂಜೆಯ ಲೆಕ್ಕದಲ್ಲಿ, ಹದಿನಾಲ್ಕು ಜನರ ದೊಡ್ಡಹಬ್ಬಕ್ಕಿಂತ ಈ ಮೂರು ದಿನಗಳೇ ಅಜ್ಜಿಗೆ ಮುಂದಾಗಿ ನೆನಪಾದವು.

ಉಳಿದ ಹಬ್ಬಗಳ ಮೇಲೆ ಅವಳ ಮನಸ್ಸು ಬೇಗ ಬೇಗ ಹಾದುಹೋಯಿತು. ಗೌರಿಗೆ ಮಗಳು ಬಂದಿದ್ದಳು. ಸಂಕ್ರಾಂತಿ ಮಂಗಳವಾರ ಬಂದದ್ದರಿಂದ ಯಾರೂ ಬರಲಿಲ್ಲ. ಶಿವರಾತ್ರಿಗೆ ಅವಳೇ ಹಿನ್ನೀರಿನ ಆಚೆ, ತುಮರಿಯ ಕಡೆ ಕೊಟ್ಟ ತಂಗಿಯ ಮನೆಗೆ ಹೋಗಿ ಬಂದಳು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚಿನಲ್ಲಿ ದಾಟಬೇಕಾಗಿದ್ದ ಕಡೆಯ ಶಿವರಾತ್ರಿ ಅದು. ಅಲ್ಲಿಯ ಸೇತುವೆ ಅದೇ ವರ್ಷದ ಜುಲೈ 14ರಂದು ಉದ್ಘಾಟನೆಯಾಯಿತು. ಲಾಂಚು ನಡುನೀರಿಗೆ ಬಂದಾಗ ಅಕ್ಕತಂಗಿಯರಿಬ್ಬರೂ ಎಂದಿನಂತೆ ಮಾತು ನಿಲ್ಲಿಸಿದರು. ಎಲ್ಲಿ ಯಾವ ಊರಿತ್ತೆಂದು ಒಬ್ಬರಿಗೊಬ್ಬರು ತೋರಿಸುವ ಅಗತ್ಯ ಅವರಿಗಿರಲಿಲ್ಲ.

ಲೆಕ್ಕದಲ್ಲಿ ಉಳಿದಿದ್ದುದು ಒಂದು ಪ್ರಶ್ನೆ. ಅದನ್ನು ಹಿರಿಯ ಮಗ ಮಾಘದಲ್ಲಿಯೇ ಎತ್ತಿದ್ದ. ಯುಗಾದಿಯೊಳಗೆ ಹೇಳುತ್ತೇನೆಂದು ಅವಳು ತಳ್ಳಿದ್ದಳು. ಸುತ್ತಲಿನ ಗದ್ದೆಗಳೆಲ್ಲ ಒಂದೊಂದಾಗಿ ಅಡಿಕೆ ತೋಟಗಳಾಗಿವೆ. ಭತ್ತಕ್ಕೆ ಆಳು ಸಿಗುವುದಿಲ್ಲ. ಸಿಕ್ಕರೂ ಕೂಲಿ ಕೊಟ್ಟು ಮಿಗುವುದೇನೂ ಇಲ್ಲ. ತಮ್ಮ ಮೂರು ಗದ್ದೆಗಳಿಗೂ ಬರುವ ಮಳೆಗಾಲದಲ್ಲಿ ಅಡಿಕೆ ಸಸಿ ಇಡುವುದೆಂದು ಮಗನ ಆಲೋಚನೆ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಗದ್ದೆ ಹೋದರೆ ಭೂಮಿ ಹುಣ್ಣಿಮೆಯ ಬುಟ್ಟಿಯನ್ನು ಎಲ್ಲಿಗೆ ಹೊರುವುದು? ತೋಟದಲ್ಲಿ ಪೂಜೆ ಮಾಡುವವರು ಈಗ ಅನೇಕರಿದ್ದಾರೆ. ಆದರೆ ಹೊಡೆ ತುಂಬಿದ ಪೈರಿಲ್ಲದೆ ಬಯಕೆಯ ಊಟ ಯಾರಿಗೆ ಎಂಬುದು ಅಜ್ಜಿಯ ಮನಸ್ಸಿನ ತೊಡಕು. ಇದನ್ನು ಮಗನ ಮುಂದೆ ಆಡಿದರೆ, ಆಳಿನ ಕಷ್ಟವನ್ನು ಅವನೊಬ್ಬನೇ ಹೊರುತ್ತಿರುವಾಗ, ನ್ಯಾಯವಾಗದೆಂದೂ ಅವಳು ಬಲ್ಲಳು. ಹಬ್ಬಕ್ಕೆ ಬಂದು ಹೋಗುವವರು ಗದ್ದೆ ಇರಲಿ ಎಂದು ಹೇಳುವುದು ಸುಲಭ. ನಾಟಿಯ ದಿನ ಕೆಸರಿನಲ್ಲಿ ನಿಲ್ಲುವವನು ಅವನು.

ಕತ್ತಲಾಗುವ ಹೊತ್ತಿಗೆ ಮಗ ಬೇವಿನ ಸೊಪ್ಪನ್ನೂ ಮಾವಿನ ಎಲೆಯನ್ನೂ ತಂದು ಜಗಲಿಯಲ್ಲಿ ಇಟ್ಟ. ಬೆಂಗಳೂರಿನಿಂದ ಫೋನು ಬಂದಿತ್ತು. ಹಬ್ಬ ಭಾನುವಾರವೇ ಆದರೂ ಹುಡುಗನ ಪರೀಕ್ಷೆ ಮುಗಿದಿಲ್ಲವಾದ್ದರಿಂದ ಅವರು ಬರುವುದಿಲ್ಲವೆಂದು ತಿಳಿಸಿದ. ಅಜ್ಜಿ ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಮಾತೆತ್ತಿದಳು.

“ಮೇಲಿನ ಎರಡು ಗದ್ದೆಗೆ ಅಡಿಕೆ ಇಡು, ಮಗಾ. ಕೆಳಗಿನದು ಬೇಡ.”

“ಯಾಕಮ್ಮ?”

“ಅಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಅಡಿಕೆಯ ಬೇರು ಕೊಳೆಯುತ್ತದೆ. ಮೊದಲೇ ಎಲೆಚುಕ್ಕಿ ರೋಗದಿಂದ ಇರುವ ತೋಟವೇ ಸೊರಗಿದೆ. ಎಲ್ಲ ದುಡ್ಡನ್ನೂ ಒಂದೇ ಮರಕ್ಕೆ ಕಟ್ಟಬೇಡ.”

ಮಗ ಅವಳ ಮುಖವನ್ನು ನೋಡಿದ. ನೀರು ನಿಲ್ಲುವುದು ನಿಜ. ಬಸಿಗಾಲುವೆ ತೆಗೆದರೆ ನಿಲ್ಲುವುದಿಲ್ಲವೆಂಬುದೂ ಇಬ್ಬರಿಗೂ ಗೊತ್ತಿತ್ತು. ಅವನು ಕಾಲುವೆಯ ಮಾತನ್ನು ಎತ್ತಲಿಲ್ಲ.

“ನಾಟಿಗೆ ಆಳು?” ಎಂದು ಮಾತ್ರ ಕೇಳಿದ.

“ಅರ್ಧ ಎಕರೆಯ ಗದ್ದೆ. ನಾಟಿ ಭಾನುವಾರ ಇಟ್ಟುಕೋ. ದೊಡ್ಡಹಬ್ಬಕ್ಕೆ ಬಂದು ಉಂಡುಹೋದವರು ಹದಿನಾಲ್ಕು ಜನ ಇದ್ದರಲ್ಲ, ಅವರಿಗೆ ನಾನೇ ಫೋನು ಮಾಡುತ್ತೇನೆ. ಬರದೆ ಹೋದರೆ ಆಗ ನಿನ್ನ ಅಡಿಕೆಯನ್ನೇ ಇಡು.”

ಮಗ ನಕ್ಕು ಮಾವಿನ ಎಲೆಗಳನ್ನು ತೋರಣಕ್ಕೆ ಪೋಣಿಸತೊಡಗಿದ. ಅಜ್ಜಿ ಕಂಬವನ್ನು ಹಿಡಿದು ಎದ್ದು, ಬಿತ್ತನೆಗೆ ಇಟ್ಟಿದ್ದ ಭತ್ತಕ್ಕೆ ಇಲಿ ಬಾಯಿ ಹಾಕಿದೆಯೋ ಎಂದು ನೋಡಲು ಒಳಗೆ ಹೋದಳು.