ಪಟ್ಟಾ ಹರಿದ ದಿನ

ಮಹಾನವಮಿ ಹತ್ತಿರ ಬಂತೆಂದರೆ ಸಿಂದಗಿ, ಇಂಡಿ, ಬಾಗೇವಾಡಿ ಕಡೆಯ ಮನೆಗಳಲ್ಲಿ ಹಾಸಿಗೆ ಹೊದಿಕೆ ಒಗೆಯುವ ಗದ್ದಲ. ಘಟಸ್ಥಾಪನೆಯೊಳಗೆ ಮನೆಯಲ್ಲಿರುವ ಕೌದಿ, ಜಮಖಾನ, ಚಾದರ ಎಲ್ಲವೂ ನೀರು ಕಾಣಬೇಕು. ಮೊದಲು ಚಕ್ಕಡಿ ಹೂಡಿಕೊಂಡು ಹಳ್ಳಕ್ಕೆ ಹೋಗುತ್ತಿದ್ದರು. ಈಗ ಬಚ್ಚಲ ಬಾಗಿಲಲ್ಲಿ ಎರಡು ಡಬ್ಬದ ವಾಷಿಂಗ್ ಮಶಿನ್ ನಿಂತಿದೆ. ಹೋದ ವರ್ಷ ಅದೇ ವಾರ, ಅವ್ವನ ಹಳೆಯ ಕೌದಿಯೊಂದನ್ನು ಅದರೊಳಗೆ ಹಾಕಿ ಗುಂಡಿ ತಿರುವಿದೆ. ನಾಲ್ಕು ಸುತ್ತು ತಿರುಗಿತು. ಆಮೇಲೆ ಕೆಳಗೆಲ್ಲೋ ಟಪ್ ಅಂತ ಸಪ್ಪಳ. ಮೋಟಾರು ಗುಂಯ್ಯೆನ್ನುತ್ತಲೇ ಇತ್ತು. ನೀರು ಮಾತ್ರ ಬಾವಿಯ ನೀರಿನ ಹಾಗೆ ಅಲುಗದೆ ನಿಂತಿತು.

ಕೌದಿಯನ್ನು ಮಶಿನ್ನಿಗೆ ಹಾಕಬಾರದಿತ್ತು. ಹಳೆಯ ಇಳಕಲ್ಲ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರದ ಮೇಲೆ ಪದರ ಇಟ್ಟು ಸಣ್ಣ ಹೊಲಿಗೆ ಹಾಕಿದ ವಸ್ತು ಅದು. ಒಣಗಿದ್ದಾಗ ಒಂದು ಕೈಗೆ ಬರುತ್ತದೆ, ನೀರು ಕುಡಿದ ಮೇಲೆ ಎರಡಾಳು ಬೇಕು.

ಅಡುಗೆಮನೆಯಿಂದಲೇ ಅವ್ವ ಹೇಳಿದಳು: "ಮೋಟರಿಗೆ ಏನೂ ಆಗಿಲ್ಲ. ಪಟ್ಟಾ ಹರದೈತಿ."

ಪಟ್ಟಾ ಅಂದರೆ ಬೆಲ್ಟು. ಅವಳು ಮಶಿನ್ನಿನ ಬೆನ್ನು ಒಮ್ಮೆಯೂ ಬಿಚ್ಚಿ ನೋಡಿದವಳಲ್ಲ. ಆದರೆ ಆ ಸಪ್ಪಳ ಗೊತ್ತು. ಅವಳ ತವರು ಡೋಣಿ ನದಿಯ ದಂಡೆಯ ಹಳ್ಳಿ. ಡೋಣಿ ಉಕ್ಕಿ ಹರಿದು ಹೋದ ಎರಿಯಲ್ಲಿ ಬಿಳಿಜೋಳ ಆಳೆತ್ತರ ಬೆಳೆಯುತ್ತದೆ. ಆ ಜೋಳ ಬೀಸುವ ಕೆಲಸ ಮಾತ್ರ ಹೆಣ್ಣುಮಕ್ಕಳ ರಟ್ಟೆಯದು. ಕೋಳಿ ಕೂಗುವ ಮೊದಲೇ ಎದ್ದು, ಇಬ್ಬರು ಎದುರುಬದುರು ಕೂತು ಬೀಸುವ ಕಲ್ಲಿನ ಗೂಟ ಹಿಡಿದು ತಿರುಗಿಸಬೇಕಿತ್ತು. ಆ ಹೊತ್ತಿನಲ್ಲಿ ಹುಟ್ಟಿದ ಪದಗಳನ್ನೇ ಇಂಡಿ ಸೀಮೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರು, ಮನೆಮನೆ ತಿರುಗಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ತಂದರು. ಒಳ್ಳೆಯ ಹೊತ್ತಿಗೇ ಬರೆದುಕೊಂಡರು. ಮುಂದೆ ಒಂದೊಂದೇ ಹಳ್ಳಿಗೆ ಗಿರಣಿ ಬಂತು, ಬೀಸುವ ಕಲ್ಲು ಮೂಲೆ ಸೇರಿತು.

ಅವ್ವನ ಊರಿಗೆ ಗಿರಣಿ ಬಂದಾಗ ಅವಳಿನ್ನೂ ಪರಕಾರ ಉಡುವ ಹುಡುಗಿ. ಹೊರಗೆ ಎಣ್ಣೆ ಎಂಜಿನ್ನು, ಒಳಗೆ ಕಲ್ಲು, ನಡುವೆ ಗೋಡೆಯ ಕಿಂಡಿಯೊಳಗಿಂದ ಹಾಯ್ದು ಬರುವ ಅಗಲವಾದ ಉದ್ದನೆಯ ಪಟ್ಟಾ. ಎಂಜಿನ್ನಿಗೂ ಕಲ್ಲಿಗೂ ಬೇರೆ ನಂಟೇ ಇಲ್ಲ, ಆ ಪಟ್ಟಾ ಒಂದೇ. ಜಾರತೊಡಗಿದರೆ ಗಿರಣಿಯವ ರಾಳದ ಪುಡಿ ಉದುರಿಸುತ್ತಿದ್ದ, ಮತ್ತೆ ಹಿಡಿದುಕೊಳ್ಳುತ್ತಿತ್ತು. ಹರಿದರೆ ಟಪ್ಪೆಂದು ಒಂದು ಸಪ್ಪಳ. ಎಂಜಿನ್ನು ಕುಕ್ ಕುಕ್ ಎನ್ನುತ್ತಲೇ ಇರುವುದು, ಹಿಟ್ಟು ಬೀಳುವುದು ನಿಲ್ಲುವುದು. ಬುಟ್ಟಿ ಹೊತ್ತುಕೊಂಡು ಬಂದ ಹೆಂಗಸರು ಜೋಳ ಹಾಗೇ ಮನೆಗೆ ಒಯ್ದು, ಮೂಲೆಯ ಕಲ್ಲನ್ನು ಎಳೆದು ಕೂರುತ್ತಿದ್ದರು. ಪಟ್ಟಾ ಹರಿದ ದಿನ ಕೆಲಸ ಮತ್ತೆ ರಟ್ಟೆಗೇ ಬರುತ್ತಿತ್ತು. ಅವ್ವ ಇದನ್ನು ಹೇಳಿದ ಮೇಲೆ, ಪಟ್ಟಾ ಅಂದರೆ ನನಗೆ ಬರೀ ರಬ್ಬರಿನ ಬಳೆಯಾಗಿ ಕಂಡಿಲ್ಲ. ಯಾವಳೋ ಒಬ್ಬ ಹೆಂಗಸಿನ ತೋಳು ಮಾಡುತ್ತಿದ್ದ ಕೆಲಸವನ್ನು ಅದು ಹೊತ್ತುಕೊಂಡಿದೆ.

ಪ್ಲಗ್ಗು ಕಿತ್ತೆ, ನೀರು ಬಿಟ್ಟೆ, ಮಶಿನ್ನನ್ನು ಗೋಡೆಯಿಂದ ಈಚೆಗೆ ಎಳೆದು ಬೆನ್ನಿನ ತಗಡು ಬಿಚ್ಚಲು ಕೂತೆ. ಏಳು ಸ್ಕ್ರೂ ಸಲೀಸಾಗಿ ಬಂದವು. ಎಂಟನೆಯದು ನಮ್ಮ ಬೋರಿನ ಸವುಳು ನೀರಿಗೆ ತುಕ್ಕು ಹಿಡಿದು ತಗಡಿನೊಂದಿಗೆ ಒಂದಾಗಿತ್ತು. ಕೊಬ್ಬರಿ ಎಣ್ಣೆ ಎರಡು ಹನಿ ಬಿಟ್ಟು, ಚಹಾ ಕುಡಿದು ಬಂದು ತಿರುವಿದಾಗ ಕಿರ್ರೆಂದು ಬಿಟ್ಟಿತು.

ಒಳಗೆ ನೋಡುವುದು ನನಗೆ ಬಹಳ ಖುಷಿಯ ಕೆಲಸ. ಮೋಟಾರಿನ ತುದಿಗೆ ಅಂಗೈಯಲ್ಲಿ ಅಡಗುವಷ್ಟು ಸಣ್ಣ ಗಾಲಿ. ಒಗೆಯುವ ಡಬ್ಬದ ಬುಡಕ್ಕೆ ಊಟದ ತಾಟಿನಷ್ಟು ದೊಡ್ಡ ಗಾಲಿ. ಸಣ್ಣದು ಹಲವು ಸುತ್ತು ಓಡಿದರೆ ದೊಡ್ಡದು ನಿಧಾನಕ್ಕೆ ಒಂದು ಸುತ್ತು, ಆದರೆ ಅಷ್ಟೂ ಹೆಚ್ಚು ಬಲವಾಗಿ. ನೆಲದ ಮೇಲೆಲ್ಲ ಕಾಡಿಗೆಯಂಥ ರಬ್ಬರಿನ ಪುಡಿ. ಹರಿದ ಪಟ್ಟಾ ಸತ್ತ ಹಾವಿನಂತೆ ಬಿದ್ದಿತ್ತು. ಎತ್ತಿ ಬೆಳಕಿಗೆ ಹಿಡಿದೆ. ಹರಿದ ಬಾಯಿಯಲ್ಲಿ ಬಿಳಿಯ ದಾರದ ಎಳೆಗಳು ಬಿರಿದುಕೊಂಡಿದ್ದವು. ಪಟ್ಟಾದ ಜೀವ ಇರುವುದು ಆ ಎಳೆಗಳಲ್ಲಿ, ರಬ್ಬರು ಅವುಗಳ ಮೈ ಅಷ್ಟೇ. ಎರಡು ಪಕ್ಕೆಗಳು ತಿಕ್ಕಿ ತಿಕ್ಕಿ ಕನ್ನಡಿಯಂತೆ ಹೊಳೆಯುತ್ತಿದ್ದವು. ಈ ಪಟ್ಟಾ ಮೇಲೆ ಅಗಲ, ಕೆಳಗೆ ಕಿರಿದು. ಗಾಲಿಯ ಸಂದಿಯ ತಳ ಮುಟ್ಟುವುದಿಲ್ಲ, ಎರಡೂ ಪಕ್ಕೆಗಳಿಂದ ಕಚ್ಚಿ ಹಿಡಿಯುತ್ತದೆ. ಭಾರ ಬಿದ್ದಷ್ಟೂ ಸಂದಿಯೊಳಗೆ ಇಳಿದು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಪಕ್ಕೆ ಸವೆದು ಹೊಟ್ಟೆ ತಳಕ್ಕೆ ತಾಗಿತೋ, ಅಲ್ಲಿಂದ ಜಾರಾಟ ಶುರು. ನನ್ನದು ಎಷ್ಟೋ ದಿನದಿಂದ ಜಾರುತ್ತಿತ್ತು ಅಂತ ಕಾಣುತ್ತದೆ; ಕೌದಿ ಕೊನೆಯ ಎಳೆಯನ್ನು ಕಿತ್ತಿತು.

ಹರಿದದ್ದನ್ನೇ ಕಿಸೆಯಲ್ಲಿ ಹಾಕಿಕೊಂಡು ಪೇಟೆಗೆ ಹೋದೆ. ನಮ್ಮಲ್ಲಿ ಪಟ್ಟಾ ಸಿಗುವುದು ಟಿವಿ ಫ್ರಿಜ್ಜಿನ ಅಂಗಡಿಯಲ್ಲಲ್ಲ, ಪಂಪು, ಬೇರಿಂಗು ಮಾರುವಲ್ಲಿ. ಗೋಡೆ ತುಂಬ ಗೂಟಕ್ಕೆ ನೇತುಬಿದ್ದ ಪಟ್ಟಾಗಳು: ಗಿರಣಿಯವು, ರಾಶಿ ಮಶಿನ್ನಿನವು, ಮೇವು ಕತ್ತರಿಸುವ ಮಶಿನ್ನಿನವು. ಎ, ಬಿ, ಸಿ ಎಂದು ಅವುಗಳ ಜಾತಿ. ಎ ಅಂದರೆ ಮೇಲಿನ ಅಗಲ 13 ಮಿಲಿಮೀಟರ್, ಬಿ 17, ಸಿ 22. ನನ್ನದು ಅವೆಲ್ಲಕ್ಕಿಂತ ಕಿರಿದಾದ ಎಂ ಜಾತಿಯದು. ನಂಬರು ಅಳಿಸಿಹೋಗಿತ್ತು. ಅಂಗಡಿಯವ ಹರಿದದ್ದನ್ನು ಟೇಬಲ್ಲಿನ ಮೇಲೆ ನೀಟಾಗಿ ಉದ್ದಕ್ಕೆ ಹಾಸಿ, ಹಳೆಯದು ಹಿಗ್ಗಿರುತ್ತದೆ ಎಂದು ಲೆಕ್ಕ ಹಾಕಿ, ಒಂದು ನಂಬರು ಕಡಿಮೆಯದನ್ನು ಕೊಟ್ಟ. ಅವನ ಆ ಕಣ್ಣಳತೆಗೆ ನನ್ನ ನಮಸ್ಕಾರ.

ಅದೇ ಸಂಜೆ ಅಮೆರಿಕದಲ್ಲಿರುವ ತಮ್ಮನಿಗೆ ಸುದ್ದಿ ಹೇಳಿದೆ. ಅವನ ಮನೆಯಲ್ಲಿ ಅರಿವಿ ಒಣಗಿಸಲಿಕ್ಕೇ ಬೇರೆ ಮಶಿನ್ ಇದೆ. ಅದರ ಪಟ್ಟಾವನ್ನೂ ಅವನೇ ಒಮ್ಮೆ ಹಾಕಿದ್ದನಂತೆ: ತೆಳ್ಳಗೆ, ಚಪ್ಪಟೆ, ಒಳಗೆ ಗೆರೆಗೆರೆ; ದೊಡ್ಡ ಡ್ರಮ್ಮಿನ ಸೊಂಟಕ್ಕೆ ಉಡಿದಾರದಂತೆ ಸುತ್ತಿ, ಕೆಳಗೆ ಬಿಗಿ ಹಿಡಿಯುವ ಗಾಲಿಯೊಂದನ್ನು ದಾಟಿಸಿ ಮೋಟಾರಿಗೆ ತೊಡಿಸಬೇಕು. ಅಲ್ಲಿ ಚಳಿಗಾಲದಲ್ಲಿ ಹೊರಗೆ ಹಾಕಿದ ಅಂಗಿ ಹಪ್ಪಳದಂತೆ ಸೆಟೆದು ನಿಲ್ಲುತ್ತದೆ ಎಂದ. ನಮ್ಮ ಕಡೆ ಡ್ರೈಯರ್ ಅಂದರೆ ಮಶಿನ್ನಿನ ಎರಡನೆಯ ಡಬ್ಬ. ಅದು ಹಿಂಡುತ್ತದೆ, ಒಣಗಿಸುವುದಿಲ್ಲ. ಅದಕ್ಕೆ ಪಟ್ಟಾವೂ ಇಲ್ಲ, ಮೋಟಾರು ನೆಟ್ಟಗೆ ಬುಡದಲ್ಲೇ ಕೂತಿರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಒಣಗಿಸುವ ಕೆಲಸವನ್ನು ಬಿಸಿಲು ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಮರುದಿನ ಬೆಳಿಗ್ಗೆ ಹೊಸ ಪಟ್ಟಾ ಹಾಕಲು ಕೂತೆ. ಸಣ್ಣ ಗಾಲಿಗೆ ತೊಡಿಸಿದೆ. ದೊಡ್ಡದಕ್ಕೆ ಅರ್ಧ ಏರಿ ನಿಂತಿತು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಒಳಗಿನ ಎಳೆ ತುಂಡಾಗುತ್ತದೆ, ಅದು ಬೇಡ. ಪಟ್ಟಾವನ್ನು ಅಂಚಿಗೆ ಒತ್ತಿಹಿಡಿದು ಗಾಲಿಯನ್ನು ನಿಧಾನ ತಿರುಗಿಸಬೇಕು, ತಾನೇ ಏರಿಕೊಳ್ಳುತ್ತದೆ. ಒತ್ತುವುದಕ್ಕೇ ನನ್ನ ಎರಡೂ ಕೈ ಬೇಕಾಗಿದ್ದವು.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರಿಗೆ ಕೂತಳು. ಒಂದು ಕಾಲು ಚಾಚಿದಳು, ಇನ್ನೊಂದನ್ನು ಮಡಚಿದಳು. ಬಲಗೈ ಗಾಲಿಯ ಅಂಚಿಗೆ ಇಟ್ಟು, ಭುಜದಿಂದ ಒಂದೇ ಹದದಲ್ಲಿ ತಳ್ಳಿದಳು. ಎಪ್ಪತ್ತು ದಾಟಿದ ಕೈ ನಡುಗಲಿಲ್ಲ. ಪಟ್ಟಾ ಕೊರಕ್ ಎಂದು ಸಂದಿಗೆ ಇಳಿಯಿತು. ಕೆಲಸ ಮುಗಿದಿದ್ದರೂ ಅವಳು ಇನ್ನೆರಡು ಸುತ್ತು ತಿರುಗಿಸಿದಳು. ನಾನು ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಅರ್ಧ ಇಂಚು ಕುಸಿಯಿತು, ಬಿಗಿ ಸರಿಯಾಗಿತ್ತು.

ನೀರು ತುಂಬಿ ಗುಂಡಿ ತಿರುವಿದೆ. ಬಲಕ್ಕೆ ತಿರುಗಿತು, ನಿಂತಿತು, ಎಡಕ್ಕೆ ತಿರುಗಿತು. ಅವ್ವ ಬಗ್ಗಿ ನೋಡುತ್ತಿದ್ದಳು.

"ಇದು ಎರಡೂ ಕಡೆ ತಿರಗತೈತಿ. ನಮ್ಮ ಕಲ್ಲು ಒಂದ ಕಡೆ" ಎಂದಳು.

ಕೌದಿಯನ್ನು ಮಾತ್ರ ಮತ್ತೆ ಮಶಿನ್ನಿಗೆ ಹಾಕಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಹಾಸಿ ಇಬ್ಬರೂ ಕಾಲಲ್ಲಿ ತುಳಿದೆವು, ಆಚೆ ಈಚೆ ತುದಿ ಹಿಡಿದು ತಿರುಚಿ ಹಿಂಡಿದೆವು, ಮಾಳಿಗೆಯ ಕುಂಬಿಯ ಮೇಲೆ ಹಾಕಿದೆವು. ಮಧ್ಯಾಹ್ನ ಒಮ್ಮೆ ಮಗ್ಗಲು ತಿರುವಿದೆ. ಹಿಂಗಾರಿ ಮೋಡ ಬಂದು ಹೋಗುತ್ತಿದ್ದವು. ಸಂಜೆ ಅವ್ವ ಹತ್ತಿ ಬಂದು, ಇಳಕಲ್ಲ ಸೀರೆಯ ಸೆರಗಿದ್ದ ಮೂಲೆಯೊಳಗೆ ಬೆರಳು ತೂರಿಸಿ ನೋಡಿದಳು. ಒಳಪದರ ಇನ್ನೂ ಹಸಿ ಇತ್ತು. "ನಾಳಿಗೂ ಇರಲಿ" ಎಂದು, ಗಾಳಿಗೆ ಹಾರದಂತೆ ಅದರ ಮೇಲೆ ಎರಡು ಕಲ್ಲು ಇಟ್ಟು ಇಳಿದಳು.